ಉಂಗುರ ಹಿಂದಿರುಗಿಸಿ ತೋಟಕ್ಕೆ ಬರುವ ನಾಯಕಿಯರು: ಕೊಡಗಿನಿಂದ ಒಂದು ವಿಮರ್ಶೆ

ನಿಶ್ಚಿತಾರ್ಥ ಮುರಿಯುತ್ತದೆ. ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ. ಒಂದು ಸೂಟ್‌ಕೇಸು, ಮಂಜು ಕವಿದ ರಸ್ತೆ, ಅಜ್ಜನ ಕಾಲದ ಕಾಫಿ ತೋಟ. ಮೂರನೇ ಅಧ್ಯಾಯ ಮುಗಿಯುವ ಹೊತ್ತಿಗೆ ಪಕ್ಕದ ತೋಟದ ಮಿತಭಾಷಿ ಯುವಕ ಜೀಪಿನಿಂದ ಇಳಿದಿರುತ್ತಾನೆ. ಅಚ್ಚಾದ ಪುಸ್ತಕವಾಗಿ, ವಾರಪತ್ರಿಕೆಯ ಧಾರಾವಾಹಿಯಾಗಿ, ಈಗ ಮೊಬೈಲಿನ ಕಂತುಕಥೆಯಾಗಿ ಈ ಕಾದಂಬರಿ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ. ಹೀಗಾಗಿ ಇಲ್ಲಿ ಒಂದು ಪುಸ್ತಕವನ್ನು ಹಿಡಿದು ಕೂರದೆ ಈ ಸರಕನ್ನೇ ಒಟ್ಟಾಗಿ ನೋಡಲಾಗಿದೆ. ಕೊಡಗಿನಲ್ಲಿ ಕೂತು ಓದುವವರಿಗೆ ಇದರಲ್ಲಿ ಏನು ಸಿಗುತ್ತದೆ, ಎಲ್ಲಿ ಕೈ ಕೊಡುತ್ತದೆ, ಅಂಗಡಿಯಲ್ಲಿ ನಿಂತೇ ಹೇಗೆ ಪರೀಕ್ಷಿಸಬಹುದು ಎಂಬುದಷ್ಟೇ ವಿಷಯ.

ಅಳುವ ಭಾಗವನ್ನು ಈ ಕಾದಂಬರಿಗಳು ಚೆನ್ನಾಗಿ ಬರೆಯುತ್ತವೆ. ದುಡಿಯುವ ಭಾಗಕ್ಕೆ ಬಂದಾಗ ಉಸಿರು ಕಟ್ಟುತ್ತದೆ. ಸಂಬಂಧ ಮುರಿದ ರಾತ್ರಿಗೆ ನಲವತ್ತು ಪುಟ, ತೋಟವನ್ನು ನಷ್ಟದಿಂದ ಎತ್ತುವುದಕ್ಕೆ ನಾಲ್ಕು ಪುಟ. ಹೊಸದಾಗಿ ಬದುಕು ಕಟ್ಟುವುದೇ ಕಥೆಯ ವಸ್ತು ಎಂದಾದರೆ ಈ ಲೆಕ್ಕ ತಿರುಗುಮುರುಗಾಗಬೇಕಿತ್ತು.

ಅಳತೆಗೋಲು ಹೊರಗಿನಿಂದ ತರಬೇಕಿಲ್ಲ. ತ್ರಿವೇಣಿಯವರ 'ಬೆಳ್ಳಿಮೋಡ' ಇದೆ. ಪುಟ್ಟಣ್ಣ ಕಣಗಾಲರು 1967ರಲ್ಲಿ ಅದನ್ನು ಸಿನಿಮಾ ಮಾಡಿದ್ದರಿಂದ ಓದದವರಿಗೂ ಕಥೆ ಗೊತ್ತು. ಕಾಫಿ ತೋಟದ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳ ತಂದೆಯ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋದ ಮೋಹನನ ಜೊತೆ ಮದುವೆ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿಗೆ ಬೇರೆ ವಾರಸುದಾರ ಬಂದ ಮೇಲೆ ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಪೆಟ್ಟು ತಿಂದು ಅವಳ ಆರೈಕೆಗೆ ಬಿದ್ದು, ಮನಸ್ಸು ಬದಲಿಸಿ ಕೈ ಚಾಚಿದಾಗ ಅವಳು ಒಪ್ಪುವುದಿಲ್ಲ. ಸಂಬಂಧ ಯಾಕೆ ಮುರಿಯಿತು ಎನ್ನುವುದರಲ್ಲಿ ಮಸುಕು ಇಲ್ಲ, ಕಾರಣ ಆಸ್ತಿ. ಕಾರಣ ಅಷ್ಟು ಗಟ್ಟಿಯಾಗಿರುವುದರಿಂದಲೇ ಕೊನೆಯ ನಿರಾಕರಣೆಗೂ ತೂಕ ಬಂದಿದೆ. ಇತ್ತೀಚಿನ ಹಲವು ಕಾದಂಬರಿಗಳಲ್ಲಿ ವರ ಒಂದು ವಾಟ್ಸಾಪ್ ಸಂದೇಶ ಕಳಿಸಿ ಮಾಯವಾಗುತ್ತಾನೆ, ಯಾಕೆಂದು ಇನ್ನೂರು ಪುಟ ಕಳೆದರೂ ತಿಳಿಯುವುದಿಲ್ಲ. ಕಾರಣವೇ ಇಲ್ಲದ ಮುರಿತಕ್ಕೆ ನಾಯಕಿ ಕೊಡುವ ಉತ್ತರವೂ ಗಾಳಿಯಲ್ಲೇ ಉಳಿಯುತ್ತದೆ.

ಮುರಿದವರು ಯಾರು ಎಂಬುದೂ ಮುಖ್ಯ. ಜೇನ್ ಆಸ್ಟಿನ್‌ರ 'ಪರ್ಸುಯೇಷನ್' 1817ರ ಕೊನೆಗೆ, ಲೇಖಕಿ ತೀರಿಕೊಂಡ ಮೇಲೆ ಹೊರಬಂತು. ಅಲ್ಲಿ ಹಿರಿಯರ ಮಾತು ಕೇಳಿ ಮದುವೆಯ ಮಾತನ್ನು ಮುರಿದವಳು ನಾಯಕಿಯೇ. ಎಂಟು ವರ್ಷದ ಮೇಲೆ ಅದೇ ಗಂಡಸು ಮರಳಿ ಬಂದಾಗ ಇಬ್ಬರೂ ಸೇರುವುದು ಸಹಜ ಎನಿಸುತ್ತದೆ, ಏಕೆಂದರೆ ಅವನು ದ್ರೋಹ ಮಾಡಿದವನಲ್ಲ. ಮೋಹನನಿಗೆ ಆ ಅವಕಾಶ ಕೊಟ್ಟಿದ್ದರೆ ಓದುಗರು ಪುಸ್ತಕ ಎಸೆಯುತ್ತಿದ್ದರು. ಈಗಿನ ಲೇಖಕರಲ್ಲಿ ಅನೇಕರು ಮೋಹನನಂಥವನನ್ನು ಸೃಷ್ಟಿಸಿ, ಕೊನೆಗೆ ಆಸ್ಟಿನ್ ನಾಯಕನ ಬಹುಮಾನ ಅವನ ಕೈಗಿಡುತ್ತಾರೆ. ಇದು ಕಾದಂಬರಿಯ ಕಟ್ಟಡದಲ್ಲೇ ಇರುವ ಬಿರುಕು, ಭಾಷೆ ಎಷ್ಟು ಚೆಂದವಿದ್ದರೂ ಮುಚ್ಚುವುದಿಲ್ಲ.

ಇನ್ನು ಕೊಡಗಿನ ವಿಷಯ. ಇಲ್ಲಿ ಕಥೆ ಇಟ್ಟವರೆಲ್ಲ ಮಾಡುವ ಮೊದಲ ಎಡವಟ್ಟೆಂದರೆ ಕೊಡಗಿನವರೆಲ್ಲ ಕೊಡವರು ಎಂದುಕೊಳ್ಳುವುದು. ಅರೆಭಾಷೆ ಗೌಡರ ವೀಳ್ಯಶಾಸ್ತ್ರ ಬೇರೆ, ಕೊಡವರ ಮನೆಯಲ್ಲಿ ಮಾತು ಪಕ್ಕಾ ಮಾಡುವ ಕ್ರಮ ಬೇರೆ. ಮಾಪಿಳ್ಳೆ, ಹೆಗ್ಗಡೆ, ಐರಿ, ಎರವ, ತುಳು, ಮಲಯಾಳಿ ಮನೆಗಳ ಮಾತು ಹಾಗಿರಲಿ. ಕೊಡವ ನಾಯಕಿಯನ್ನೇ ಆರಿಸಿಕೊಂಡರೆ ಪುರೋಹಿತರನ್ನು ಕರೆಸಿ ಲಗ್ನಪತ್ರಿಕೆ ಓದಿಸಬಾರದು. ಐನ್‌ಮನೆಯ (ಮನೆತನದ ಮೂಲಮನೆ) ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪವಿಡುವ ನಡುಮನೆ) ದೀಪದ ಮುಂದೆ ಎರಡೂ ಒಕ್ಕದ (ಮನೆತನದ) ಹಿರಿಯರು, ಅರುವರು (ಎರಡೂ ಕಡೆಯ ಮಧ್ಯಸ್ಥರು) ನಿಂತು ಮಾತು ಗಟ್ಟಿ ಮಾಡುತ್ತಾರೆ. ಆದ್ದರಿಂದ ಮಾತು ಮುರಿದಾಗ ಮುಖ ಕೆಡುವುದು ಹುಡುಗ ಹುಡುಗಿಯದು ಮಾತ್ರ ಅಲ್ಲ, ನಡುವೆ ನಿಂತ ಅರುವರದೂ ಹೌದು. ಅರುವನ ಮನೆಗೆ ಹೋಗಿ ಯಾರು ವಿಷಯ ಹೇಳುವುದು ಎಂಬ ಒಂದು ದೃಶ್ಯ ಬರೆದರೆ ಸಾಕು, ಒಂದು ಅಧ್ಯಾಯ ತಾನಾಗಿ ತುಂಬಿಕೊಳ್ಳುತ್ತದೆ. ಅದನ್ನು ಬಿಟ್ಟು ಫೇಸ್‌ಬುಕ್ಕಿನಲ್ಲಿ ಫೋಟೊ ಅಳಿಸುವ ದೃಶ್ಯವನ್ನೇ ಎಲ್ಲರೂ ಬರೆಯುತ್ತಾರೆ.

ಇದರ ಜೊತೆಗೇ ಇನ್ನೊಂದು. ಹೆಣ್ಣಿಗೆ ಗಂಡನ ಒಕ್ಕದ ಹಕ್ಕು ಒಪ್ಪಿಸುವುದು ಮದುವೆಯ ದಿನ, ಕಲ್ಲುಹರಳು ಎಣಿಸಿ ಕೊಡುವ ಸಂಬಂಧ ಅಡ್‌ಕುವ ಶಾಸ್ತ್ರದಲ್ಲಿ. ನಿಶ್ಚಯವಾದಷ್ಟಕ್ಕೆ ಅವಳು ತವರಿನ ಒಕ್ಕದಿಂದ ಹೊರಗೆ ಹೋಗಿರುವುದಿಲ್ಲ, ಮನೆಪೆದವೂ (ಮನೆತನದ ಹೆಸರು) ಬದಲಾಗಿರುವುದಿಲ್ಲ. 'ಇನ್ನು ನಿನಗೆ ಈ ಐನ್‌ಮನೆಯಲ್ಲಿ ಜಾಗವಿಲ್ಲ' ಎಂದು ಚಿಕ್ಕಪ್ಪನಿಂದ ಗುಡುಗಿಸುವ ಕಾದಂಬರಿ ಈ ಸಂಗತಿಯನ್ನು ವಿಚಾರಿಸಿಲ್ಲ ಎಂದೇ ಅರ್ಥ. ಅವಳನ್ನು ಹಿಂಡುವ ದಾರಿ ಬೇರೆ ಇವೆ, ಮುಖ್ಯವಾಗಿ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗ. ಆರ್‌ಟಿಸಿಯಲ್ಲಿ ಪಟ್ಟೆದಾರನ (ಒಕ್ಕದ ಯಜಮಾನ) ಜೊತೆ ಒಕ್ಕದ ಹಲವರ ಹೆಸರಿರುತ್ತದೆ. ಅಜ್ಜ ಒಂದು ಬಿಳಿ ಕಾಗದದಲ್ಲಿ ಮೊಮ್ಮಗಳಿಗೆ ಹತ್ತು ಎಕರೆ ಬರೆದಿಟ್ಟು ಕಣ್ಣು ಮುಚ್ಚಿದರೆ ಅಲ್ಲಿಗೆ ಅವಳ ಕಷ್ಟ ತೀರುವುದಿಲ್ಲ, ತಾಲ್ಲೂಕು ಕಚೇರಿಯ ಅಲೆದಾಟ ಶುರುವಾಗುತ್ತದೆ. ಅಂಥ ಅಲೆದಾಟವನ್ನು ಬರೆದ ಕಾದಂಬರಿ ಕಂಡರೆ ಕಣ್ಣು ಮುಚ್ಚಿ ಕೊಳ್ಳಬಹುದು.

ದಿನಾಂಕಗಳನ್ನೂ ನೋಡಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಶುಭಕಾರ್ಯ ಇಡುವುದಿಲ್ಲ. 'ಆಷಾಢದ ಜಡಿಮಳೆಯಲ್ಲಿ ಮದುವೆ ಮಂಟಪದಿಂದ ವರ ಓಡಿಹೋದ' ಎಂದು ಬೆನ್ನುಪುಟದಲ್ಲಿ ಇದ್ದರೆ ಪುಸ್ತಕವನ್ನು ಕಪಾಟಿಗೆ ವಾಪಸು ಇಡಿ. ಮದುವೆ ಹೆಚ್ಚಾಗಿ ನಡೆಯುವುದು ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳ ರಜಾದಿನಗಳಿಗೆ ಕೊಡವ ಸಮಾಜದ ಹಾಲ್‌ಗಳು ತಿಂಗಳುಗಟ್ಟಲೆ ಮೊದಲೇ ಬುಕ್ ಆಗಿರುತ್ತವೆ. ಹಾಲ್ ಮುಂಗಡ, ಅಡುಗೆಯವರ ಮುಂಗಡ, ವಾಲಗದವರು, ಅಚ್ಚಾದ ಕಾಗದ, ಪತ್ತಾಕ್‌ಗೆ (ಮದುಮಗಳ ಕೊರಳ ಆಭರಣ) ಅಕ್ಕಸಾಲಿಗನಿಗೆ ಕೊಟ್ಟ ಚಿನ್ನ ಎಲ್ಲ ಎಲ್ಲಿಗೆ ಹೋಯಿತು ಎಂದು ಒಂದು ಪುಟವಾದರೂ ಲೆಕ್ಕ ಕೊಡಬೇಕು. ನಿಜವಾದ ಮನೆಗಳಲ್ಲಿ ಜಗಳ ಆಗುವುದು ಅಲ್ಲೇ.

ಕಾನೂನಿನ ಭಾಗ ಬಹುತೇಕ ಸಿನಿಮಾ ಮಟ್ಟದಲ್ಲಿದೆ. ನಿಶ್ಚಿತಾರ್ಥ ಮದುವೆಯಲ್ಲ, ಮುರಿಯಲು ವಿಚ್ಛೇದನ ಬೇಕಿಲ್ಲ. ಮದುವೆಯಾಗು ಎಂದು ಕೋರ್ಟು ಆಜ್ಞೆ ಮಾಡುವುದೂ ಇಲ್ಲ. ಖರ್ಚಾದ ಹಣಕ್ಕೆ 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಕೆಳಗೆ ಪರಿಹಾರ ಕೇಳಬಹುದು, ಮಾತು ಮುರಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ವರದಕ್ಷಿಣೆ ಕೇಳಿದ್ದರಿಂದ ಸಂಬಂಧ ಮುರಿದಿದ್ದರೆ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಗೆ ಮೊದಲಿನ ಬೇಡಿಕೆಗೂ ಅನ್ವಯಿಸುತ್ತದೆ. ನಾಯಕಿಯ ಗೆಳತಿ ವಕೀಲೆಯಾಗಿದ್ದರೆ (ಸಾಮಾನ್ಯವಾಗಿ ಆಗಿಯೇ ಇರುತ್ತಾಳೆ) ಇಷ್ಟನ್ನಾದರೂ ಅವಳ ಬಾಯಲ್ಲಿ ಹೇಳಿಸಬಹುದಿತ್ತು. ಅವಳು ಬರೀ ವೈನ್ ಸುರಿಯುತ್ತಾಳೆ.

ಈಗ ತೋಟ. ಈ ಕಾದಂಬರಿಗಳ ಹಣೆಬರಹ ತೀರ್ಮಾನವಾಗುವುದು ಇಲ್ಲಿ.

ಏಪ್ರಿಲ್‌ನಲ್ಲಿ ಸಂಬಂಧ ಮುರಿದು ಮೇ ತಿಂಗಳಲ್ಲಿ ನಾಯಕಿ ಬಂದಳು ಎಂದಿಟ್ಟುಕೊಳ್ಳಿ. ಆಗ ತೋಟದಲ್ಲಿ ಕೊಯ್ಯಲು ಏನೂ ಇಲ್ಲ. ರೊಬಸ್ಟಾ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿದಿದೆ, ಹೂಮಳೆ ಆಗಿಹೋಗಿದೆ, ಗಿಡದಲ್ಲಿ ಕಡಲೆಗಾತ್ರಕ್ಕೂ ಬಾರದ ಕಾಯಿ. ಅವಳು ಮಾಡಬೇಕಾದದ್ದು ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಚಿಗುರು ತೆಗೆಸುವುದು, ಚರಂಡಿ ಬಿಡಿಸುವುದು, ಮಳೆ ಹಿಡಿಯುವ ಮೊದಲು ಅರೇಬಿಕಾಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವುದು. ಶೇ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚಾಕು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಇಂಥ ಒಂದು ದೃಶ್ಯ, ಕೆಂಪು ಹತ್ತಿದ ಚಾಕು ನೋಡಿ ಮೇಸ್ತ್ರಿ ಏನೂ ಹೇಳದೆ ಸುಮ್ಮನೆ ನಿಲ್ಲುವುದು, ಹತ್ತು ಪುಟ ಸ್ವಗತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ನಮ್ಮ ನಾಯಕಿಯರು ಮೇ ತಿಂಗಳಲ್ಲೇ ಬುಟ್ಟಿ ಕಟ್ಟಿಕೊಂಡು ಕೆಂಪು ಹಣ್ಣು ಕೊಯ್ಯುತ್ತಾರೆ, ಪಕ್ಕದಲ್ಲೇ ಗಿಡ ಬೆಳ್ಳಗೆ ಹೂಬಿಟ್ಟಿರುತ್ತದೆ.

ಹೂವಿನ ಮಾತು ಬಂತು. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಒಂದಿಂಚಿನಷ್ಟು ಮಳೆ ಬಿದ್ದರೆ, ಇಲ್ಲವೇ ಸ್ಪ್ರಿಂಕ್ಲರ್ ಹಾಕಿದರೆ, ಸುಮಾರು ಒಂದು ವಾರಕ್ಕೆ ರೊಬಸ್ಟಾ ಅರಳುತ್ತದೆ. ಬೆಳ್ಳಗೆ ಕಾಣುವುದು ಮೂರು ನಾಲ್ಕು ದಿನ, ಆಮೇಲೆ ಕಂದು. ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ತಿಂಗಳಿಡೀ ಹೂವಿನ ಘಮದಲ್ಲಿ ಪ್ರೇಮ ಬೆಳೆಸುವ ಲೇಖಕರು ಈ ಮೂರು ದಿನದ ಲೆಕ್ಕಕ್ಕೆ ಬರುವುದೇ ಇಲ್ಲ. ಹಣ್ಣೂ ಹೂವೂ ಒಟ್ಟಿಗೆ ಕಾಣುವುದುಂಟು, ಕೊಯ್ಲು ತಡವಾಗಿ ಮಳೆ ಬೇಗ ಬಂದ ವರ್ಷ ರೊಬಸ್ಟಾದಲ್ಲಿ. ತೋಟದವರಿಗೆ ಅದು ತಲೆನೋವು: ಹಣ್ಣು ಬಿಡಿಸುವ ಕೈ ಹೂ ಉದುರಿಸುತ್ತದೆ, ಕಣದಲ್ಲಿದ್ದ ಕಾಫಿ ನೆನೆದು ಬೂಸಲು ಹಿಡಿಯುತ್ತದೆ. ಅದನ್ನು ರಮ್ಯ ದೃಶ್ಯ ಮಾಡುವ ಬದಲು ಸಂಕಟವಾಗಿ ಬರೆದಿದ್ದರೆ ಲೇಖಕರು ತೋಟದಲ್ಲಿ ಕಾಲಿಟ್ಟಿದ್ದಾರೆ ಎಂದು ನಂಬಬಹುದು.

ಹಣ ಬರುವುದು ಯಾವಾಗ? ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಡಿಸೆಂಬರ್ ಕೊನೆಯಿಂದ ಮಾರ್ಚ್, ಕಾಳುಮೆಣಸೂ ಅದೇ ಹೊತ್ತಿಗೆ. ಕೊಯ್ದ ಹಣ್ಣು ಕಣದಲ್ಲಿ ಒಳ್ಳೆ ಬಿಸಿಲಿದ್ದರೆ ಎರಡು ವಾರದಷ್ಟು ಒಣಗಬೇಕು, ದಿನಕ್ಕೆ ಹಲವು ಸಲ ಕೆದಕಬೇಕು, ಮುಷ್ಟಿಯಲ್ಲಿ ಅಲುಗಿಸಿದರೆ ಗಲಗಲ ಎನ್ನಬೇಕು. ಮಾರುವಾಗ 50 ಕಿಲೊ ಚೆರಿ (ಒಣಗಿಸಿದ ಹಣ್ಣು) ಚೀಲಕ್ಕೆ ಎಷ್ಟು ಬೀಜ ಬೀಳುತ್ತದೆ ಎಂಬ ಓಟಿ ಲೆಕ್ಕದ ಮೇಲೆ ದರ, ಸಾಮಾನ್ಯವಾಗಿ 26ರಿಂದ 28 ಕಿಲೊ ಬೀಜ. ಅಂದರೆ ಮೇ ತಿಂಗಳಲ್ಲಿ ಬಂದವಳ ಕೈಗೆ ಮೊದಲ ದುಡ್ಡು ಸೇರುವುದು ಮುಂದಿನ ವರ್ಷದ ಆರಂಭಕ್ಕೆ. ಅಲ್ಲಿಯವರೆಗೆ ಲೈನ್‌ಮನೆಯ ಕೂಲಿಕಾರರ ವಾರದ ಬಟವಾಡೆ, ಗೊಬ್ಬರ, ಕಳೆ, ಬ್ಯಾಂಕಿನ ಬಡ್ಡಿ ಎಲ್ಲ ಕೈಯಿಂದ. 'ಮೂರು ತಿಂಗಳಲ್ಲಿ ತೋಟವನ್ನು ಸಾಲದಿಂದ ಬಿಡಿಸಿದಳು' ಎಂಬ ವಾಕ್ಯ ಸುಳ್ಳು. ಹೊಸ ಗಿಡ ನೆಟ್ಟು ಬಿಡಿಸಿದಳು ಎಂದರೆ ಇನ್ನೂ ದೊಡ್ಡ ಸುಳ್ಳು, ಮೊದಲ ಫಸಲಿಗೇ ಮೂರು ನಾಲ್ಕು ವರ್ಷ ಬೇಕು.

ಇದನ್ನೆಲ್ಲ ಹೇಳುವುದು ಕುಹಕಕ್ಕಲ್ಲ. ತೋಟದ ಕಥೆಗೆ ಕನಿಷ್ಠ ಒಂದು ಹೂವಿನಿಂದ ಇನ್ನೊಂದು ಹೂವಿನವರೆಗಿನ ಕಾಲ ಬೇಕು. ಮದುವೆ ಮುರಿದ ಹೆಣ್ಣಿಗೂ ಊರಿನ ಬಾಯಿ ಮುಚ್ಚಲು, ತನ್ನ ತಲೆ ತಿಳಿಯಾಗಲು ಬೇಕಾದದ್ದು ಸುಮಾರು ಅಷ್ಟೇ ಕಾಲ. ಕೊಯ್ಲು ಮುಗಿಯುವ ತನಕ ಹಣವಿಲ್ಲ, ಮಳೆ ನಿಲ್ಲುವ ತನಕ ಬೇರೆಡೆ ಹೋಗುವ ಹಾಗಿಲ್ಲ. ಕಾಯಿಸುವ ಈ ಗುಣ ತೋಟಕ್ಕೆ ಇರುವುದರಿಂದಲೇ ಈ ಬಗೆಯ ಕಥೆಗೆ ಅದು ಒಳ್ಳೆ ಜಾಗ. ಆ ಕಾಯುವಿಕೆಯನ್ನು ಕತ್ತರಿಸಿ ಹಾಕಿದ ಲೇಖಕರು ತಮ್ಮ ಕೈಲಿದ್ದ ಒಳ್ಳೆ ಸಾಮಗ್ರಿಯನ್ನೇ ಬಿಸಾಡಿದಂತೆ.

ತೋಟ ಬೇಡವೆಂದು ಹೋಂಸ್ಟೇ ತೆರೆಸುವವರೂ ಇದ್ದಾರೆ. ತೆರೆಯುವುದು ಜೂನ್‌ನಲ್ಲಿ, ಮೊದಲ ಮಳೆಯ ಜೊತೆ, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುತ್ತ. ಜಿಗಣೆಗಳು ಆ ಅಧ್ಯಾಯದಲ್ಲಿ ರಜೆ ಹಾಕಿರುತ್ತವೆ. ಪಂಚಾಯಿತಿ, ಪೊಲೀಸ್, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಮಾಲೀಕರು ಅದೇ ಆವರಣದಲ್ಲಿ ವಾಸವಿರಬೇಕೆಂಬ ನಿಯಮ, ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡುವುದು ಇವೆಲ್ಲ ಒಂದು ಸಾಲಿನಲ್ಲಿ ಬಂದರೂ ಸಾಕು. ನಿಜವಾದ ಪಜೀತಿ ಬೆಡ್‌ಶೀಟು. ಮಳೆಗಾಲದಲ್ಲಿ ಒಗೆದದ್ದು ದಿನಗಟ್ಟಲೆ ಒಣಗುವುದಿಲ್ಲ, ಕೋಣೆಗೆ ಮೂರು ಜೊತೆಯಾದರೂ ಇಲ್ಲದಿದ್ದರೆ ಎರಡನೇ ಅತಿಥಿಗೆ ಮುಗ್ಗಲು ವಾಸನೆಯ ಹೊದಿಕೆ. ಕರೆಂಟು ಹೋದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ನೀರಿಲ್ಲ. ರೆಡ್ ಅಲರ್ಟ್ ಬಂದರೆ ಬುಕಿಂಗ್ ರದ್ದು. ಇಂಥ ಒಂದು ಮಳೆಗಾಲ ದಾಟಿದ ನಾಯಕಿಗೆ ಹಳೆಯ ವರನ ಫೋನ್ ಬಂದರೆ ಅವಳು ಏನು ಉತ್ತರಿಸುತ್ತಾಳೆ ಎಂದು ಓದುಗರೇ ಹೇಳಬಲ್ಲರು.

ಸ್ವಂತ ಬ್ರಾಂಡಿನ ಕಾಫಿಪುಡಿ ಮಾರುವ ನಾಯಕಿಯರ ಲೆಕ್ಕವೂ ಹೀಗೆಯೇ. ಹುರಿದಾಗ ಬೀಜದ ತೂಕ ಶೇ 15ರಿಂದ 20 ಇಳಿಯುತ್ತದೆ ಎಂಬುದು ಯಾರ ವ್ಯಾಪಾರದಲ್ಲೂ ಬರುವುದಿಲ್ಲ. ಆಹಾರ ಪರವಾನಗಿಯ ಸುದ್ದಿಯೂ ಇಲ್ಲ.

2018ರ ಆಗಸ್ಟಿನ ಭೂಕುಸಿತವನ್ನು ಪ್ರೇಮಿಗಳನ್ನು ಸೇರಿಸುವ ಉಪಾಯವಾಗಿ ಬಳಸುವುದು ಮಾತ್ರ ಸಹಿಸಲಾಗದು. ಮಡಿಕೇರಿ ತಾಲ್ಲೂಕಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಮನೆಗಳನ್ನೇ ಹೊತ್ತೊಯ್ದಿತು. ನೆಲೆ ಕಳೆದುಕೊಂಡವರು ಪರಿಹಾರ ಕೇಂದ್ರದಲ್ಲಿದ್ದು, ಆಮೇಲೆ ಜಂಬೂರು, ಕರ್ಣಂಗೇರಿಯ ಹೊಸ ಬಡಾವಣೆಗಳಿಗೆ ಹೋದರು. ಮದುವೆ ಗೊತ್ತಾಗಿದ್ದ ಮನೆ, ಮದುವೆಗೆಂದು ಕೂಡಿಟ್ಟ ಚಿನ್ನ ಮಣ್ಣಡಿ ಹೋದಾಗ ಸಂಬಂಧ ಏನಾಗುತ್ತದೆ ಎಂಬ ಕಾದಂಬರಿ ಯಾರಾದರೂ ಬರೆದರೆ ಅದಕ್ಕೆ ಅರ್ಥವುಂಟು. ನಾಯಕ ಹಗ್ಗ ಹಿಡಿದು ಹಾರಿ ಬರುವುದಕ್ಕೆ ಆ ಮಣ್ಣು ಬೇಡ.

ಚಿಲ್ಲರೆ ತಪ್ಪುಗಳು: ಮಡಿಕೇರಿ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯುವುದು (ಜಿಲ್ಲೆಯಲ್ಲಿ ರೈಲೇ ಇಲ್ಲ, ಮೈಸೂರಿನವರೆಗೆ ಮಾತ್ರ), ಪಂದಿ ಕರಿಗೆ ಹುಣಸೆಹಣ್ಣು ಹಿಂಡುವುದು (ಹಾಕುವುದು ಕಾಚಂಪುಳಿ ಎಂಬ ಕಪ್ಪು ಹುಳಿರಸ, ಅದೂ ಕೊನೆಗೆ), ಮನೆತನದ ಹೆಸರನ್ನು ವ್ಯಕ್ತಿಯ ಹೆಸರಿನ ಮುಂದಿಡದೆ ಹಿಂದೆ ಅಂಟಿಸುವುದು. ಇವು ಇದ್ದ ಮಾತ್ರಕ್ಕೆ ಕಾದಂಬರಿ ಕೆಟ್ಟದ್ದಲ್ಲ, ಆದರೆ ಮೂರೂ ಒಂದೇ ಪುಸ್ತಕದಲ್ಲಿ ಸಿಕ್ಕರೆ ತೋಟದ ಲೆಕ್ಕವೂ ತಪ್ಪಿರುವುದು ಖಂಡಿತ.

ರೂಪದ ಬಗ್ಗೆ ಸ್ವಲ್ಪ. ವಾರಪತ್ರಿಕೆಯಲ್ಲಿ ಬಂದು ಪುಸ್ತಕವಾದದ್ದರಲ್ಲಿ ಅಧ್ಯಾಯಗಳೆಲ್ಲ ಒಂದೇ ಅಳತೆ, ಪ್ರತಿ ಕೊನೆಗೂ ಒಂದು ಕೊಂಡಿ, ಮುಂದಿನ ಆರಂಭದಲ್ಲಿ ಹಿಂದಿನದರ ಮರುಕಳಿಕೆ. ಒಂದೇ ಕೂತು ಓದುವವರಿಗೆ ಅದು ಕಿರಿಕಿರಿ, ದಿನಕ್ಕೊಂದು ಅಧ್ಯಾಯ ಓದುವವರಿಗೆ ಅನುಕೂಲ. ಮೊಬೈಲ್ ಕಂತುಗಳಲ್ಲಿ ಇನ್ನೊಂದು ತೊಂದರೆ: ಓದುಗರ ಒತ್ತಾಯಕ್ಕೆ ಕಥೆ ಉದ್ದವಾಗುತ್ತದೆ, ಐವತ್ತನೇ ಕಂತಿನಲ್ಲಿ ಮುಗಿಯಬೇಕಾದ್ದು ನೂರೈವತ್ತಕ್ಕೆ ಹೋಗುತ್ತದೆ, ಆ ಎಳೆತಕ್ಕಾಗಿ ಹಳೆಯ ವರ ಮತ್ತೆ ಮತ್ತೆ ಬರುತ್ತಾನೆ. ಇದಕ್ಕೆ ಮದ್ದು ಬೇಕಾದರೆ ಕೊಡಗಿನ ಗೌರಮ್ಮನವರ (1912–1939) 'ಕಂಬನಿ'ಯ ಕಥೆಗಳನ್ನು ಓದಬೇಕು. ಮದುವೆ ಎಂಬ ವ್ಯವಸ್ಥೆಯೊಳಗೆ ಹೆಣ್ಣಿನ ಆಯ್ಕೆ ಎಷ್ಟು ಎಂಬುದನ್ನು ಅವರು ಕೆಲವೇ ಪುಟದಲ್ಲಿ ಮುಗಿಸಿ ಎದ್ದುಬಿಡುತ್ತಾರೆ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಪುಸ್ತಕದ ನಡುಭಾಗ ತೆರೆದು ನಾಯಕಿ ಯಾರಿಗಾದರೂ ಕೂಲಿ ಕೊಡುತ್ತಿದ್ದಾಳೋ, ರೈಟರ್ (ತೋಟದ ಗುಮಾಸ್ತ) ಜೊತೆ ಲೆಕ್ಕಕ್ಕೆ ಜಗಳವಾಡುತ್ತಿದ್ದಾಳೋ ನೋಡಿ. ಆಮೇಲೆ ಕೊನೆಯ ಹತ್ತು ಪುಟದಲ್ಲಿ ಹಳೆಯ ವರನ ಹೆಸರು ಹುಡುಕಿ. ಕ್ಷಮೆ ಕೇಳಿ ಹೋದರೆ ಸರಿ, ಮಂಟಪದಲ್ಲಿ ಕೂತಿದ್ದರೆ ಬೇಡ. ಪಕ್ಕದ ತೋಟದ ಯುವಕ ಇರಲಿ, ಅವನಿಗೂ ಬದುಕಿದೆ. ಆದರೆ ಅವಳ ಸಾಲ ಅವನು ತೀರಿಸಬಾರದು.

ನಿಶ್ಚಯ ಮುರಿದ ಹುಡುಗಿಗೆ ಉಡುಗೊರೆ ಕೊಡಲು ಕೊಳ್ಳುವವರು ಮೊದಲ ತಿಂಗಳು ಬಿಟ್ಟು ಕೊಡುವುದು ವಾಸಿ, 'ಬೆಳ್ಳಿಮೋಡ'ವನ್ನೂ ಸೇರಿಸಿ. ಕೊಡುವುದಾದರೆ ದಾರದ ಹೊಲಿಗೆ ಇರುವ ಪ್ರತಿ ಆರಿಸಿ. ಬೆನ್ನಿಗೆ ಬರೀ ಅಂಟು ಬಳಿದ ಅಗ್ಗದ ಪೇಪರ್‌ಬ್ಯಾಕು ಇಲ್ಲಿನ ಒಂದು ಮಳೆಗಾಲಕ್ಕೇ ಬಾಯಿ ಬಿಡುತ್ತದೆ, ಹಾಳೆ ಕೈಗೆ ಬರುತ್ತದೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಅಡುಗೆಮನೆಯ ಒಲೆಯ ಬೆಚ್ಚಗೆ ತಲುಪುವ ಗೋಡೆಯಾದರೆ ಪರವಾಗಿಲ್ಲ, ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಸೆಪ್ಟೆಂಬರ್‌ನಲ್ಲಿ ಬಿಸಿಲು ಕಂಡ ಕೂಡಲೇ ಪುಟ ಬಿಡಿಸಿ ನೆರಳಿನಲ್ಲಿ ಗಾಳಿಗಿಡಿ.